ಹಳೆಯ ಕೇಸು, ಹೊಸ ಅರ್ಜಿ



ಗೃಹರಕ್ಷಕ ದಳಕ್ಕೆ ಸ್ವಯಂಸೇವಕರು ಬೇಕಾಗಿದ್ದಾರೆ ಎಂಬ ಪ್ರಕಟಣೆ ನಮ್ಮ ತುಮಕೂರು ಜಿಲ್ಲೆಯ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಓದಿದವರಲ್ಲಿ ಕೆಲವರಿಗೆ ಮನಸ್ಸಾಗುತ್ತದೆ. ಸಿದ್ಧಗಂಗೆಯ ಜಾತ್ರೆಯಲ್ಲಿ, ಎಡೆಯೂರಿನ ತೇರಿನಲ್ಲಿ, ಚುನಾವಣೆಯ ದಿನ ಮತಗಟ್ಟೆಯ ಮುಂದೆ ಖಾಕಿ ತೊಟ್ಟು ನಿಂತವರನ್ನು ನೋಡಿ ‘ನಾನೂ ಹೀಗೆ ನಿಲ್ಲಬೇಕು’ ಅಂದುಕೊಂಡವರು ತುಮಕೂರಿನಲ್ಲಿದ್ದಾರೆ, ಗುಬ್ಬಿಯಲ್ಲಿದ್ದಾರೆ, ಕುಣಿಗಲ್‌ನಲ್ಲಿದ್ದಾರೆ. ಅರ್ಜಿ ತರುತ್ತಾರೆ. ಹೆಸರು, ತಂದೆಯ ಹೆಸರು, ವಿಳಾಸ, ಓದು ಎಲ್ಲವನ್ನೂ ಸರಸರನೆ ಬರೆಯುತ್ತಾರೆ. ಕ್ರಿಮಿನಲ್ ಮೊಕದ್ದಮೆಯ ಕಾಲಂ ಬಂದಾಗ ಪೆನ್ನು ನಿಲ್ಲುತ್ತದೆ.

ಹಾಗೆ ಪೆನ್ನು ನಿಂತವರಲ್ಲಿ ಕೆಲವರು ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಮನೆಗೆ ಹೋಗುತ್ತಾರೆ, ಮತ್ತೆ ಆ ಕಡೆ ಬರುವುದೇ ಇಲ್ಲ. ಇನ್ನು ಕೆಲವರು ‘ಇಲ್ಲ’ ಎಂದು ಬರೆದುಬಿಡುತ್ತಾರೆ. ಎರಡೂ ಸರಿಯಲ್ಲ. ಇತ್ತು ಎಂದಾದರೆ ‘ಇತ್ತು’ ಎಂದು ನೀವೇ ಬರೆಯಿರಿ, ಅದು ಏನು, ಹೇಗೆ ಮುಗಿಯಿತು ಎಂಬುದನ್ನೂ ಬರೆಯಿರಿ. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ. ಆದರೆ ಹಾಗೆ ಬರೆಯುವುದಕ್ಕೆ ಧೈರ್ಯದ ಜೊತೆಗೆ ಒಂದಷ್ಟು ತಿಳಿವಳಿಕೆಯೂ ಬೇಕು. ನ್ಯಾಯಾಲಯದ ಅಂಗಳದಲ್ಲಿ ಓಡಾಡುವ ನನ್ನಂಥವರ ಬಳಿ ಜನ ಈ ವಿಷಯಕ್ಕೆ ದನಿ ತಗ್ಗಿಸಿಕೊಂಡು ಬರುತ್ತಾರೆ. ಅವರಿಗೆ ಹೇಳುವ ಮಾತನ್ನೇ ಇವತ್ತು ನಿಮಗೆಲ್ಲ ಹೇಳುತ್ತೇನೆ.

ಗೃಹರಕ್ಷಕ ದಳ ಹುಟ್ಟಿದ್ದು 1946ರ ಡಿಸೆಂಬರ್ 6ರಂದು, ಮುಂಬಯಿಯಲ್ಲಿ. ಕೋಮು ಗಲಭೆಯ ಆ ದಿನಗಳಲ್ಲಿ ಪೊಲೀಸರಿಗೆ ಹೆಗಲು ಕೊಡಲು ನಾಗರಿಕರೇ ಮುಂದೆ ಬಂದರು. ನಮ್ಮ ರಾಜ್ಯದಲ್ಲಿ ಅದಕ್ಕೆ 1962ರ ಗೃಹರಕ್ಷಕ ಕಾಯ್ದೆ ಇದೆ. ‘ನಿಷ್ಕಾಮ ಸೇವೆ’ ದಳದ ಧ್ಯೇಯವಾಕ್ಯ. ಇದು ನೌಕರಿಯಲ್ಲ, ಸಂಬಳವಿಲ್ಲ. ಕೆಲಸಕ್ಕೆ ಕರೆದ ದಿನಗಳಿಗೆ ಭತ್ಯೆ ಮಾತ್ರ. ಆದರೆ ಕರೆ ಬಂದು ಕರ್ತವ್ಯದಲ್ಲಿ ನಿಂತಾಗ ಗೃಹರಕ್ಷಕನಿಗೆ ಪೊಲೀಸ್ ಅಧಿಕಾರಿಗಿರುವ ಅಧಿಕಾರವೂ ರಕ್ಷಣೆಯೂ ಸಿಗುತ್ತವೆ. ಆದ್ದರಿಂದ ಸೇರಿಸಿಕೊಳ್ಳುವ ಮೊದಲು ನಡತೆ ವಿಚಾರಿಸುತ್ತಾರೆ, ಊರಿನ ಸ್ಟೇಷನ್ನಿನಿಂದ ವರದಿ ತರಿಸುತ್ತಾರೆ. ವಿಚಾರಿಸಲೇಬೇಕು. ಜಾತ್ರೆಯ ಜನಜಂಗುಳಿಯಲ್ಲಿ ಮಗುವೊಂದು ಕೈತಪ್ಪಿದರೆ ತಾಯಿ ಆ ಖಾಕಿಯನ್ನೇ ನಂಬಿ ಓಡಿಬರುತ್ತಾಳೆ. ಅದರ ಒಳಗೆ ಯಾರಿದ್ದಾರೆ ಎಂದು ಕೇಳುವ ಹಕ್ಕು ಸಮಾಜಕ್ಕಿದೆ.

ಹಾಗಾದರೆ ನಮ್ಮ ಕಡೆ ಪೆನ್ನು ನಿಲ್ಲಿಸುವ ಹಳೆಯ ಕೇಸುಗಳು ಎಂಥವು?

ಮೊದಲನೆಯದು ಇಸ್ಪೀಟು. ಯುಗಾದಿ ಮುಗಿದ ಮಾರನೆಯ ದಿನ, ಹೊಸತೊಡಕಿನಂದು, ಅರಳಿಕಟ್ಟೆಯ ಮೇಲೆ, ತೋಟದ ಮನೆಯ ಮುಂದೆ ಎಲೆ ಹಾಕಿಕೊಂಡು ಕೂರುವುದು ಹಳೇ ಮೈಸೂರು ಸೀಮೆಯಲ್ಲಿ ಹಬ್ಬದ ಭಾಗವೇ ಎಂಬಂತೆ ನಡೆದುಬಂದಿದೆ. ಪೊಲೀಸರು ಬರುತ್ತಾರೆ, ಕಣದಲ್ಲಿದ್ದ ದುಡ್ಡು, ಎಲೆಗಳನ್ನು ವಶಪಡಿಸಿಕೊಳ್ಳುತ್ತಾರೆ, 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 87ರಲ್ಲಿ ಕೇಸು ಹಾಕುತ್ತಾರೆ. ಆಡಿದವರು ಕೋರ್ಟಿಗೆ ಹೋಗಿ ದಂಡ ಕಟ್ಟಿ ಬರುತ್ತಾರೆ. ಜೂಜನ್ನು ನಾನು ಸಮರ್ಥಿಸುತ್ತಿಲ್ಲ. ಅದರಿಂದ ಹಾಳಾದ ಮನೆಗಳು ನಮ್ಮ ಕಣ್ಣೆದುರೇ ಇವೆ. ಆದರೆ ಇಪ್ಪತ್ತರ ಹರೆಯದಲ್ಲಿ ಹಬ್ಬದ ದಿನ ಗೆಳೆಯರ ನಡುವೆ ಕೂತು ಸಿಕ್ಕಿಬಿದ್ದವನು ನಲವತ್ತರಲ್ಲಿ ನೆರೆ ಬಂದಾಗ ಹಗ್ಗ ಹಿಡಿದು ನೀರಿಗಿಳಿಯಲು ಅನರ್ಹನೇ?

ಎರಡನೆಯದು ಬದುವಿನ ಜಗಳ. ತೆಂಗು, ಅಡಿಕೆಯ ತೋಟಗಳಿರುವ ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಇದಿಲ್ಲದ ಊರಿಲ್ಲ. ಅಣ್ಣತಮ್ಮಂದಿರ ನಡುವೆ, ದಾಯಾದಿಗಳ ನಡುವೆ, ಒಂದು ಮರದ ಕಾಯಿಗೋ ನೀರಿನ ಪಾಳಿಗೋ ಮಾತು ಬೆಳೆಯುತ್ತದೆ, ಕೈ ಕೈ ಮಿಲಾಯಿಸುತ್ತಾರೆ. ಒಬ್ಬರು ದೂರು ಕೊಟ್ಟರೆ ಇನ್ನೊಬ್ಬರು ಎದುರು ದೂರು ಕೊಡುತ್ತಾರೆ. ‘ಮುನ್ನೂರಿಪ್ಪತ್ಮೂರು, ಐನೂರ ನಾಲ್ಕು, ಐನೂರ ಆರು’ ಎಂದು ಹಳೆಯ ದಂಡಸಂಹಿತೆಯ ಕಲಂಗಳನ್ನು ನಮ್ಮ ರೈತರು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ: ಹೊಡೆದದ್ದು, ಬೈದದ್ದು, ಬೆದರಿಸಿದ್ದು. ಜಗಳ ಬಿಡಿಸಲು ಹೋದ ಹುಡುಗನ ಹೆಸರೂ, ಜಗುಲಿಯಲ್ಲಿ ಕೂತಿದ್ದ ಮುದುಕಿಯ ಹೆಸರೂ ದೂರಿನಲ್ಲಿ ಸೇರಿಕೊಳ್ಳುತ್ತವೆ. ವರ್ಷಗಳ ಮೇಲೆ ಊರ ಹಿರಿಯರು ಕೂರಿಸಿ ರಾಜಿ ಮಾಡಿಸುತ್ತಾರೆ. ಎರಡೂ ಮನೆಯವರು ಒಂದೇ ಮದುವೆಯ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಕೇಸಿನ ಹೆಸರು ಮಾತ್ರ ಕಡತದಲ್ಲಿ ಉಳಿಯುತ್ತದೆ.

ಮೂರನೆಯದು ಹೋರಾಟದ ಕೇಸು. ಇದು ನಮಗೆ ತೀರಾ ಹತ್ತಿರದ್ದು. ಗೊರೂರಿನ ಜಲಾಶಯದಿಂದ ನಮ್ಮ ಜಿಲ್ಲೆಗೆ ಬರುವ ಹೇಮಾವತಿಯ ನೀರನ್ನು ಕುಣಿಗಲ್ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿಷಯದಲ್ಲಿ ಏನಾಯಿತೆಂದು ನಿಮಗೆಲ್ಲ ಗೊತ್ತು. 2025ರ ಮೇ ತಿಂಗಳ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನ ಸುಂಕಾಪುರದ ಬಳಿ ರೈತರು ದೊಡ್ಡ ಸಂಖ್ಯೆಯಲ್ಲಿ ಸೇರಿದರು. ನಿಷೇಧಾಜ್ಞೆ ಇತ್ತು, ಪ್ರತಿಭಟನೆಯೂ ನಡೆಯಿತು, ಪ್ರಕರಣಗಳೂ ದಾಖಲಾದವು. ನೀರು ಕಡಿಮೆಯಾದೀತು ಎಂಬ ಆತಂಕ ಗುಬ್ಬಿಯವರದು. ನಮ್ಮ ಪಾಲಿನ ನೀರು ನಮಗೆ ಬರಲಿ ಎಂಬ ಬೇಡಿಕೆ ಕುಣಿಗಲ್‌ನವರದು. ಎರಡೂ ಕಡೆ ಇರುವವರು ಬೇಸಾಯಗಾರರೇ. ಕಾಲುವೆಯ ನ್ಯಾಯಾನ್ಯಾಯ ಇವತ್ತಿನ ನನ್ನ ವಿಷಯವಲ್ಲ. ನನ್ನ ಚಿಂತೆ ಇಷ್ಟೇ: ಅವತ್ತು ಘೋಷಣೆ ಕೂಗಿದ ಇಪ್ಪತ್ತರ ಹುಡುಗ ಮುಂದೊಂದು ದಿನ ಸೇವೆಗೆಂದು ಅರ್ಜಿ ಹಿಡಿದು ಬಂದಾಗ ಮೊಕದ್ದಮೆಯ ಕಾಲಂನ ಮುಂದೆ ಏನು ಬರೆಯಬೇಕು, ಓದುವವರು ಅದನ್ನು ಹೇಗೆ ಓದಬೇಕು?

ಇಲ್ಲಿ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ನೆನೆಯಬೇಕು. ಎರಡೂ ಸರ್ಕಾರಿ ನೌಕರಿಗೆ ಸಂಬಂಧಿಸಿದವು. ಸ್ವಯಂಸೇವೆಗೆ ಅವು ಅಕ್ಷರಶಃ ಅನ್ವಯವಾಗುತ್ತವೆ ಎನ್ನಲಾರೆ. ಆದರೂ ವಿಷಯವನ್ನು ತೂಗುವ ಬಗೆ ಅಲ್ಲಿ ಸಿಗುತ್ತದೆ.

2011ರ ಮಾರ್ಚ್‌ನಲ್ಲಿ ಬಂದ ಮೊದಲ ತೀರ್ಪು ದೆಹಲಿ ಪೊಲೀಸ್ ಇಲಾಖೆಗೆ ಸೇರಬಯಸಿದ ಒಬ್ಬ ತರುಣನದು. ಹೊಡೆದಾಟದ ಹಳೆಯ ಕೇಸೊಂದು ರಾಜಿಯಾಗಿ ಖುಲಾಸೆಯಾಗಿತ್ತು. ಅರ್ಜಿಯಲ್ಲಿ ಅದನ್ನು ಬರೆದಿರಲಿಲ್ಲ ಎಂದು ಅವನನ್ನು ಕೈಬಿಟ್ಟಿದ್ದರು. ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನಸುಧಾ ಮಿಶ್ರಾ ಅವರ ಪೀಠ ಆ ತರುಣನ ಪರವಾಗಿ ನಿಂತಿತು. ಆ ವಯಸ್ಸಿನಲ್ಲಿ ಹುಡುಗರು ಎಡವುತ್ತಾರೆ, ಎಡವಿದವರನ್ನೆಲ್ಲ ಜೀವನಪೂರ್ತಿ ಅಪರಾಧಿಗಳೆಂದು ಕರೆಯಬಾರದು ಎಂಬುದು ಅದರ ತಾತ್ಪರ್ಯ. ವಿಕ್ಟರ್ ಹ್ಯೂಗೋನ ಕಾದಂಬರಿಯ ಜೀನ್ ವಾಲ್‌ಜೀನ್‌ನನ್ನು ಆ ತೀರ್ಪು ನೆನೆಯುತ್ತದೆ. ಹಸಿದ ಮನೆಗಾಗಿ ಒಂದು ರೊಟ್ಟಿ ಕದ್ದವನಿಗೆ ಕಳ್ಳನೆಂಬ ಹೆಸರು ಬದುಕಿನುದ್ದಕ್ಕೂ ಅಂಟಿಕೊಳ್ಳುತ್ತದೆ. ಅದೇ ತೀರ್ಪು ವೇಲ್ಸ್ ನಾಡಿನ ವಿದ್ಯಾರ್ಥಿಗಳ ಪ್ರಸಂಗವನ್ನೂ ಎತ್ತಿಕೊಳ್ಳುತ್ತದೆ. 1970ರಲ್ಲಿ ಆ ಹುಡುಗರು ಲಂಡನ್ನಿನ ಕೋರ್ಟೊಂದಕ್ಕೆ ನುಗ್ಗಿ, ನಡೆಯುತ್ತಿದ್ದ ವಿಚಾರಣೆಯನ್ನೇ ನಿಲ್ಲಿಸಿ ಘೋಷಣೆ ಕೂಗಿದ್ದರು. ತಮ್ಮ ನಾಡಿಗೆ ಬರುವ ಪ್ರಸಾರ ತಮ್ಮ ನುಡಿಯಲ್ಲಿಲ್ಲ ಎಂಬುದು ಅವರ ಸಿಟ್ಟು. ಕೆಳಗಿನ ಕೋರ್ಟು ಜೈಲಿಗೆ ಕಳಿಸಿತ್ತು. ಮೇಲಿನ ಕೋರ್ಟಿನಲ್ಲಿ ಲಾರ್ಡ್ ಡೆನ್ನಿಂಗ್, ಇವರು ಮಾಡಿದ್ದು ತಪ್ಪು, ಆದರೆ ಇವರು ದುಷ್ಟರಲ್ಲ ಎಂದು ಬಿಡುಗಡೆ ಮಾಡಿದರು. ಗೋಕಾಕ್ ಚಳವಳಿಯಲ್ಲಿ ಬೀದಿಗಿಳಿದ ನಾಡಿನವರಾದ ನಮಗೆ ಆ ಹುಡುಗರ ಮನಸ್ಸು ಅರ್ಥವಾಗುತ್ತದೆ.

ಎರಡನೆಯದು 2016ರ ಜುಲೈ 21ರ ತೀರ್ಪು. ಅವತಾರ್ ಸಿಂಗ್ ಪ್ರಕರಣ ಎಂದು ವಕೀಲರೆಲ್ಲ ಕರೆಯುತ್ತಾರೆ. ಮೂವರು ನ್ಯಾಯಮೂರ್ತಿಗಳ ಪೀಠ ಅದುವರೆಗಿನ ಗೊಂದಲಗಳನ್ನೆಲ್ಲ ಬಿಡಿಸಿಟ್ಟಿತು. ಬಂಧನ, ಮೊಕದ್ದಮೆ, ಶಿಕ್ಷೆ, ಖುಲಾಸೆ ಯಾವುದೇ ಇರಲಿ, ಅರ್ಜಿದಾರ ನಿಜವನ್ನೇ ಹೇಳಬೇಕು, ಮುಚ್ಚಿಡಬಾರದು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವನ್ನು ಮುಚ್ಚಿಟ್ಟಿದ್ದರೂ ಅದನ್ನು ಮನ್ನಿಸುವ ವಿವೇಚನೆ ನೇಮಿಸುವವರಿಗಿದೆ. ಅರ್ಜಿಯಲ್ಲಿ ಕೇಳದೇ ಇದ್ದ ಸಂಗತಿಯನ್ನು ಹೇಳಲಿಲ್ಲವೆಂದು ಯಾರನ್ನೂ ಹೊರಗೆ ಹಾಕುವಂತಿಲ್ಲ, ಪ್ರಶ್ನೆ ಸ್ಪಷ್ಟವಾಗಿರಬೇಕು. ಇದರ ಜೊತೆಗೆ ಇನ್ನೊಂದು ಮಾತನ್ನೂ ಕೋರ್ಟು ಹೇಳಿದೆ, ಅದನ್ನು ನಿಮ್ಮಿಂದ ಬಚ್ಚಿಡುವುದು ಸರಿಯಲ್ಲ: ನಿಜ ಹೇಳಿದವನನ್ನು ಸೇರಿಸಿಕೊಳ್ಳಲೇಬೇಕೆಂಬ ಕಟ್ಟಳೆಯಿಲ್ಲ. ಅವನ ಹಿನ್ನೆಲೆಯನ್ನು ಪರಿಶೀಲಿಸಿ ಬೇಡವೆನ್ನುವ ಅಧಿಕಾರ ನೇಮಿಸುವವರಿಗೆ ಉಳಿದೇ ಇರುತ್ತದೆ.

ಅಂದರೆ ಸತ್ಯ ಹೇಳಿದ ಮಾತ್ರಕ್ಕೆ ಬಾಗಿಲು ತೆರೆಯುತ್ತದೆ ಎಂಬ ಭರವಸೆಯನ್ನು ನಾನು ಕೊಡಲಾರೆ. ಮುಚ್ಚಿಟ್ಟರೆ ಏನಾಗುತ್ತದೆ ಎಂಬುದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಮತ್ತು ವರ್ಷ ಹಾಕಿ ಹುಡುಕಿದರೆ ಪ್ರಕರಣ ಸಿಗುತ್ತದೆ. ಪೊಲೀಸ್ ಸ್ಟೇಷನ್ನುಗಳನ್ನು ಒಂದಕ್ಕೊಂದು ಬೆಸೆಯುವ ಸಿಸಿಟಿಎನ್‌ಎಸ್ ಎಂಬ ಗಣಕಜಾಲವನ್ನು ಕೇಂದ್ರ ಸರ್ಕಾರ 2009ರಲ್ಲೇ ಕೈಗೆತ್ತಿಕೊಂಡಿದೆ. 2016ರಲ್ಲಿ ಸುಪ್ರೀಂ ಕೋರ್ಟು, ಕೆಲವು ಸೂಕ್ಷ್ಮ ಪ್ರಕರಣಗಳ ಹೊರತಾಗಿ, ಎಫ್‌ಐಆರ್‌ಗಳನ್ನು ಜಾಲತಾಣಕ್ಕೆ ಹಾಕಬೇಕೆಂದೂ ಹೇಳಿತು. ಇಷ್ಟೆಲ್ಲ ಯಾಕೆ, ನಿಮ್ಮ ನಡತೆಯ ವರದಿ ಬರೆಯುವುದು ನಿಮ್ಮದೇ ಊರಿನ ಠಾಣೆ. ಅವತ್ತು ನಿಮ್ಮನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದದ್ದೂ ಅದೇ ಠಾಣೆ. ಅವತ್ತಿನದು ಇಸ್ಪೀಟಿನ ತಪ್ಪು. ಇವತ್ತಿನದು ಅಧಿಕಾರಿಯ ಮುಂದೆ ಸಹಿ ಹಾಕಿ ಹೇಳಿದ ಸುಳ್ಳು. ನೋಡುವವರ ಕಣ್ಣಿಗೆ ದೊಡ್ಡದಾಗಿ ಕಾಣುವುದು ಎರಡನೆಯದೇ.

ಎಷ್ಟೋ ಜನ ಬೇಕೆಂದು ಸುಳ್ಳು ಬರೆಯುವುದಿಲ್ಲ. ಕೇಸು ಹೇಗೆ ಮುಗಿಯಿತೆಂದು ಅವರಿಗೇ ಗೊತ್ತಿರುವುದಿಲ್ಲ. ನಾನು ಪದೇ ಪದೇ ಕೇಳುವ ಮಾತು ಹೀಗಿರುತ್ತದೆ:

‘ಸಾ, ಅದು ಆವತ್ತೇ ಮುಗೀತಲ್ಲ, ದಂಡ ಕಟ್ಟಿ ಬಂದ್ನಲ್ಲ.’

‘ಮುಗೀತು ಕಣಪ್ಪ. ಹೆಂಗೆ ಮುಗೀತು ಅನ್ನೋದನ್ನ ಬರೀಬೇಕಲ್ಲ.’

‘ಹೆಂಗೆ ಅಂದ್ರೆ? ಜಡ್ಜು ಕೇಳಿದ್ರು, ಹೌದು ಸ್ವಾಮಿ ಅಂದೆ, ದುಡ್ಡು ಕಟ್ಟಿ ಅಂದ್ರು.’

ಹೌದು ಸ್ವಾಮಿ ಅಂದದ್ದು ತಪ್ಪೊಪ್ಪಿಗೆ. ಅದರ ಮೇಲೆ ಕಟ್ಟಿದ ದಂಡ ಒಂದು ಶಿಕ್ಷೆ. ಮೊತ್ತ ನೂರೇ ಇರಲಿ, ಇನ್ನೂರೇ ಇರಲಿ, ಕಾನೂನಿನ ಲೆಕ್ಕದಲ್ಲಿ ಅಪರಾಧ ಸಾಬೀತಾದಂತೆಯೇ. ‘ಶಿಕ್ಷೆಯಾಗಿದೆಯೇ’ ಎಂದು ಅರ್ಜಿ ಕೇಳಿದ್ದರೆ ‘ಇಲ್ಲ’ ಎನ್ನುವಂತಿಲ್ಲ. ದಿನಗೆಲಸ ಬಿಟ್ಟು ಕೋರ್ಟಿಗೆ ಅಲೆಯಲಾರದೆ ಒಪ್ಪಿಕೊಂಡುಬಿಟ್ಟವರು ಹೀಗೆ ದಂಡ ಕಟ್ಟಿದವರಲ್ಲಿ ಬಹಳ. ಒಪ್ಪಿಕೊಳ್ಳುವ ಮುನ್ನ ಅದರ ಅರ್ಥವನ್ನು ಯಾರಾದರೂ ಬಿಡಿಸಿ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಪ್ರತಿಸಲವೂ ಅನ್ನಿಸುತ್ತದೆ.

ಬದುವಿನ ಜಗಳದ ಕೇಸು ಕೋರ್ಟಿನಲ್ಲಿ ಕಾನೂನು ಪ್ರಕಾರ ರಾಜಿಯಾಗಿದ್ದರೆ ಕಥೆ ಬೇರೆ. ಹಾಗೆ ರಾಜಿಯಾದ ಪ್ರಕರಣಕ್ಕೆ ಖುಲಾಸೆಯ ಬೆಲೆಯೇ ಇದೆ. ಶಿಕ್ಷೆಯಾಗಿದೆಯೇ ಎಂದರೆ ಇಲ್ಲ. ಮೊಕದ್ದಮೆ ಇತ್ತೇ ಎಂದರೆ ಹೌದು. ತನಿಖೆಯ ಮೇಲೆ ಪೊಲೀಸರು, ಆರೋಪಕ್ಕೆ ಆಧಾರವಿಲ್ಲವೆಂಬ ಬಿ ರಿಪೋರ್ಟ್ ಹಾಕಿ ಕೋರ್ಟು ಒಪ್ಪಿಕೊಂಡಿದ್ದರೆ ವಿಚಾರಣೆಯೇ ನಡೆದಿಲ್ಲ, ಆದರೆ ಎಫ್‌ಐಆರ್ ಆಗಿತ್ತು. ಹೈಕೋರ್ಟು ರದ್ದುಪಡಿಸಿದ್ದು, ಸರ್ಕಾರ ಹಿಂಪಡೆದದ್ದು ಬೇರೆ ಬೇರೆ. ರೈತ ಹೋರಾಟದ, ಕನ್ನಡ ಹೋರಾಟದ ಕೇಸುಗಳನ್ನು ಸರ್ಕಾರ ಆಗಾಗ ಹಿಂಪಡೆಯುತ್ತದೆ. ಸಚಿವ ಸಂಪುಟ ತೀರ್ಮಾನಿಸಿತು ಎಂದು ಪತ್ರಿಕೆಯಲ್ಲಿ ಓದಿದ ಕೂಡಲೇ ನಿಮ್ಮ ಕೇಸು ಹೋಯಿತು ಎಂದುಕೊಳ್ಳಬೇಡಿ. ಹಿಂಪಡೆಯಲು ಕೋರ್ಟಿನ ಒಪ್ಪಿಗೆ ಬೇಕು, ಆ ಆದೇಶ ನಿಮ್ಮ ಕೈಯಲ್ಲಿರಬೇಕು. ಇನ್ನು ‘ನೂರೇಳರ ಕೇಸು’ ಎಂದು ಹಳ್ಳಿಯಲ್ಲಿ ಹೇಳುವುದು ಶಾಂತಿ ಕಾಪಾಡುತ್ತೇನೆಂದು ತಹಶೀಲ್ದಾರರ ಮುಂದೆ ಬರೆದುಕೊಡುವ ಮುಚ್ಚಳಿಕೆ. ಅದು ಶಿಕ್ಷೆಯಲ್ಲ. ಮುಚ್ಚಳಿಕೆ ಕೊಟ್ಟಿದ್ದೀರಾ ಎಂದೇ ಅರ್ಜಿಯಲ್ಲಿ ಕೇಳಿದ್ದರೆ ಮಾತ್ರ ಹೇಳಿ.

ಎರಡು ಕಾನೂನುಗಳನ್ನು ವಿಶೇಷವಾಗಿ ಹೇಳಬೇಕು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಲ್ಲಿ ಕೋರ್ಟು ಸಣ್ಣ ತಪ್ಪಿಗೆ ಎಚ್ಚರಿಕೆ ಹೇಳಿ ಬಿಡಬಹುದು, ಅಥವಾ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಕಳಿಸಬಹುದು. ಹಾಗೆ ಬಿಟ್ಟವರಿಗೆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟುವುದಿಲ್ಲ ಎನ್ನುತ್ತದೆ ಅದರ 12ನೆಯ ಕಲಂ. ಅಪರಾಧ ಸಾಬೀತಾಗಿತ್ತು ಎಂಬ ಸಂಗತಿ ಅದರಿಂದ ಅಳಿಸಿಹೋಗುವುದಿಲ್ಲ, ಆದ್ದರಿಂದ ಕೇಳಿದರೆ ಹೇಳಿ. ಹೇಳುವಾಗ ಈ ಕಲಮನ್ನೂ ಜೊತೆಗೆ ಬರೆಯಿರಿ. ಇನ್ನೊಂದು ಮಕ್ಕಳ ಕಾನೂನು. ಹದಿನೆಂಟು ತುಂಬುವ ಮೊದಲು ನಡೆದ ತಪ್ಪು ಬಾಲನ್ಯಾಯ ಮಂಡಳಿಯಲ್ಲಿ ತೀರ್ಮಾನವಾಗಿದ್ದರೆ, 2015ರ ಬಾಲನ್ಯಾಯ ಕಾಯ್ದೆಯ 24ನೆಯ ಕಲಮಿನಂತೆ ಆ ಮಗುವಿಗೆ ಯಾವ ಅನರ್ಹತೆಯೂ ಇಲ್ಲ, ಅದರ ದಾಖಲೆಯನ್ನೇ ನಾಶಪಡಿಸಬೇಕು. ಹದಿನಾರು ದಾಟಿದ ಮೇಲೆ ಘೋರ ಅಪರಾಧ ಮಾಡಿ ವಯಸ್ಕನಂತೆ ವಿಚಾರಣೆಗೊಳಗಾದವರು ಮಾತ್ರ ಇದಕ್ಕೆ ಹೊರತು. ಶಾಲೆಗೆ ಹೋಗುವಾಗ ಸೈಕಲ್ ಕದ್ದು ಸಿಕ್ಕಿಬಿದ್ದ ಹುಡುಗನಿಗೆ ಕಾನೂನು ಹೊಸ ಹಾಳೆಯನ್ನೇ ಕೊಟ್ಟಿದೆ. ಅಂಥವರು ಹೆದರಿ ಅರ್ಜಿ ಹರಿದುಹಾಕುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಬರೆಯುವುದು ಹೇಗೆ? ಕಡಿಮೆ ಮಾತಿನಲ್ಲಿ, ನೇರವಾಗಿ. ಒಂದು ಮಾದರಿ ಓದುತ್ತೇನೆ, ಕೇಳಿ: ‘ನನಗೆ 21 ವರ್ಷವಿದ್ದಾಗ, ಯುಗಾದಿ ಹಬ್ಬದ ಸಮಯದಲ್ಲಿ, ಸಾರ್ವಜನಿಕ ಸ್ಥಳದಲ್ಲಿ ಇಸ್ಪೀಟು ಆಡಿದ್ದಕ್ಕೆ ಕರ್ನಾಟಕ ಪೊಲೀಸ್ ಕಾಯ್ದೆ ಕಲಂ 87ರಡಿ ನನ್ನ ಮೇಲೆ ಪ್ರಕರಣ ದಾಖಲಾಗಿತ್ತು. ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದೇನೆ. ಆ ನಂತರ ನನ್ನ ಮೇಲೆ ಯಾವ ಪ್ರಕರಣವೂ ದಾಖಲಾಗಿಲ್ಲ. ಆದೇಶದ ದೃಢೀಕೃತ ನಕಲನ್ನು ಲಗತ್ತಿಸಿದ್ದೇನೆ.’ ಪ್ರಕರಣದ ಸಂಖ್ಯೆ, ವರ್ಷ, ಠಾಣೆಯ ಹೆಸರು ಸೇರಿಸಿ. ಅಷ್ಟು ಸಾಕು. ಪೊಲೀಸರು ದ್ವೇಷದಿಂದ ಹಾಕಿದರು, ಗೆಳೆಯರು ಎಳೆದುಕೊಂಡು ಹೋದರು ಎಂಬ ಸಮಜಾಯಿಷಿ ಬೇಡ. ಅರ್ಜಿ ಓದುವವರು ನೋಡುವುದು ನೀವು ಅದನ್ನು ನಿಮ್ಮದೆಂದು ಒಪ್ಪಿಕೊಳ್ಳುತ್ತೀರಾ ಎಂಬುದನ್ನು.

ನಕಲಿಗೆ ಅದೇ ಕೋರ್ಟಿನಲ್ಲಿ ಅರ್ಜಿ ಹಾಕಬೇಕು. ಸಣ್ಣಪುಟ್ಟ ಪ್ರಕರಣಗಳ ಹಳೆಯ ಕಡತಗಳನ್ನು ನಿಗದಿತ ಕಾಲದ ಮೇಲೆ ನಾಶಪಡಿಸುತ್ತಾರೆ. ಕಡತ ಇಲ್ಲವೆಂದರೆ ‘ಇಲ್ಲ’ ಎಂದೇ ಒಂದು ಹಿಂಬರಹ ಬರೆಸಿಕೊಳ್ಳಿ. ಆ ಒಂದು ಹಾಳೆ ಮುಂದೆ ಬಹಳ ಕಡೆ ನೆರವಿಗೆ ಬರುತ್ತದೆ.

ಇನ್ನು ಸ್ವಯಂಸೇವಕರನ್ನು ಸೇರಿಸಿಕೊಳ್ಳುವವರ ಕಡೆಗೆ ಬರುತ್ತೇನೆ. ಅರ್ಜಿದಾರರಿಗೆ ಸತ್ಯ ಹೇಳಿ ಎಂದು ಬೋಧಿಸಿ, ಸತ್ಯ ಹೇಳಿದವರನ್ನೇ ಮೊದಲು ಹೊರಗಟ್ಟಿದರೆ ಆ ಬೋಧನೆಗೆ ಅರ್ಥವಿಲ್ಲ. ‘ಯಾವುದೇ ಕ್ರಿಮಿನಲ್ ಹಿನ್ನೆಲೆ ಇರಬಾರದು’ ಎಂಬ ಒಂದು ಸಾಲಿನಲ್ಲಿ ಕೊಲೆಯೂ ಇಸ್ಪೀಟೂ ಒಂದೇ ತಕ್ಕಡಿಗೆ ಬೀಳುತ್ತವೆ. ಈಗ ನಡೆಯುತ್ತಿರುವ ಕೇಸೋ, ಎಂದೋ ಮುಗಿದದ್ದೋ? ಶಿಕ್ಷೆಯಾದದ್ದೋ, ಬರಿಯ ದೂರೋ? ಪ್ರಶ್ನೆಯನ್ನು ಬಿಡಿಸಿ ಕೇಳಿ, ಉತ್ತರ ಬರೆಯಲು ಜಾಗ ಬಿಡಿ. ಬರೆದದ್ದನ್ನು ಓದಬೇಕಾದವರು ಮಾತ್ರ ಓದಲಿ. ಕಚೇರಿಯ ಗುಮಾಸ್ತೆಯಿಂದ ಹೋಟೆಲಿನ ಬೆಂಚಿಗೆ, ಬೆಂಚಿನಿಂದ ಊರಿಗೆ ಆ ಸುದ್ದಿ ಹೋದರೆ ಮುಂದಿನ ಹತ್ತು ಜನ ಬಾಯಿ ಬಿಡುವುದಿಲ್ಲ. ತಪ್ಪು ಎಂಥದು, ಆಗ ವಯಸ್ಸೆಷ್ಟು, ಅದಾದ ಮೇಲೆ ಹೇಗೆ ಬದುಕಿದ್ದಾನೆ, ಈಗ ಕೇಳುತ್ತಿರುವ ಸೇವೆ ಯಾವುದು ಎಂದು ನೋಡಿ ತೀರ್ಮಾನಿಸಿ.

ಒಂದು ಕಡೆ ಮಾತ್ರ ಸಡಿಲ ಬಿಡಬಾರದು, ಅದು ಮಕ್ಕಳ ವಿಷಯ. ಮಕ್ಕಳೊಡನೆ ಸಂಪರ್ಕವಿರುವ ಶಾಲೆ, ವಸತಿನಿಲಯ, ಕ್ರೀಡಾ ಅಕಾಡೆಮಿಗಳು ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸಬೇಕೆಂದು 2020ರ ಪೋಕ್ಸೋ ನಿಯಮಗಳು ಹೇಳುತ್ತವೆ. ಬೇಸಿಗೆ ಶಿಬಿರ ನಡೆಸುವವರು, ಸಂಜೆ ಪಾಠ ಹೇಳುವ ಸಂಘದವರು ತಮ್ಮ ಸ್ವಯಂಸೇವಕರಿಗೂ ಇದೇ ಕಟ್ಟುನಿಟ್ಟನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಮಕ್ಕಳ ಮೇಲೆ, ಹೆಣ್ಣುಮಕ್ಕಳ ಮೇಲೆ ಕೈಮಾಡಿದ ದಾಖಲೆ ಇದ್ದವರಿಗೆ ‘ಹಳೆಯದು’ ಎಂಬ ರಿಯಾಯಿತಿ ಸಲ್ಲದು. ಅವರಿಗೆ ಮಾಡಬೇಕಾದ ಸೇವೆ ಬೇರೆ ಎಲ್ಲಾದರೂ ಇರಬಹುದು, ಮಕ್ಕಳ ನಡುವೆ ಅಲ್ಲ.

ಉಳಿದ ಕಡೆ ನಮ್ಮ ನಾಡು ಕೈ ಚಾಚಿದ ಉದಾಹರಣೆಗಳಿವೆ. ಕನ್ನ ಹಾಕುವ ಕಸುಬಿನಿಂದ ಬಂದವನೆಂದು ಹೇಳುವ ಕನ್ನದ ಮಾರಿತಂದೆ ಬಸವಣ್ಣನವರ ಕಾಲದ ಶರಣರ ಸಾಲಿನಲ್ಲಿ ನಿಂತ. ಹಿಂದಿನ ಕಸುಬನ್ನು ಹೆಸರಿನ ಮುಂದಿಟ್ಟುಕೊಂಡೇ ನಿಂತ. ಸಿದ್ಧಗಂಗೆಯ ದಾಸೋಹ, ಎಡೆಯೂರಿನ ತೇರು ಇರುವ ಈ ಜಿಲ್ಲೆಗೆ ಆ ಪರಂಪರೆಯನ್ನು ಹೊರಗಿನವರು ಬಂದು ಕಲಿಸಬೇಕಿಲ್ಲ. ಇವತ್ತಿನ ಕಾನೂನು ಸೇವಾ ಪ್ರಾಧಿಕಾರವೂ ಅದೇ ದಾರಿಯಲ್ಲಿದೆ. ಅದರ ಅರೆಕಾನೂನು ಸ್ವಯಂಸೇವಕರ ಯೋಜನೆಯಲ್ಲಿ ದೀರ್ಘ ಶಿಕ್ಷೆ ಅನುಭವಿಸುತ್ತಿರುವ, ಓದುಬರಹ ಬಲ್ಲ, ಸನ್ನಡತೆಯ ಕೈದಿಗಳಿಗೂ ಸೆರೆಮನೆಯ ಒಳಗೆ ಸ್ವಯಂಸೇವಕರಾಗುವ ಅವಕಾಶವಿದೆ. ಸೆರೆಮನೆಯಲ್ಲಿರುವವನಿಂದಲೂ ಸೇವೆ ಪಡೆಯಬಹುದು ಎಂದ ಮೇಲೆ, ಹದಿನೈದು ವರ್ಷದ ಹಿಂದೆ ದಂಡ ಕಟ್ಟಿದವನನ್ನು ದೂರವಿಡುವುದಕ್ಕೆ ಏನು ಕಾರಣ?

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನು ಒಂದು ಶಿಕ್ಷೆಯನ್ನಾಗಿ ಸೇರಿಸಿದೆ. ಮೊದಲ ಬಾರಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದವನು ಅದನ್ನು ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಕುಡಿದು ಬೀದಿಯಲ್ಲಿ ರಂಪ ಮಾಡಿದವನಿಗೂ ಆ ಶಿಕ್ಷೆ ಕೊಡಬಹುದು. ಕೋರ್ಟಿನ ಆದೇಶದ ಮೇಲೆ ಸೇವೆ ಮಾಡುವವನನ್ನು ಕಾನೂನು ಒಪ್ಪುತ್ತದೆ. ಯಾರ ಆದೇಶವೂ ಇಲ್ಲದೆ, ತಾನೇ ಮನಸ್ಸು ಮಾಡಿ ಸೇವೆಗೆ ಬಂದವನನ್ನು ನಾವು ಅನುಮಾನದಿಂದ ನೋಡಿ ಹಿಂದಕ್ಕೆ ಕಳಿಸುತ್ತೇವೆ. ಇದು ಬದಲಾಗಬೇಕು.

ಬ್ರಿಟನ್ನಿನಲ್ಲಿ 1974ರ ಒಂದು ಕಾನೂನಿದೆ. ಸಣ್ಣ ಶಿಕ್ಷೆಯಾದವನು ಮತ್ತೆ ತಪ್ಪು ಮಾಡದೆ ಗೊತ್ತಾದ ವರ್ಷಗಳನ್ನು ಕಳೆದರೆ, ಮಕ್ಕಳ ಪಾಲನೆಯಂಥ ಕೆಲವು ಕೆಲಸಗಳನ್ನು ಬಿಟ್ಟು ಬೇರೆಡೆ ಆ ಶಿಕ್ಷೆಯನ್ನು ಹೇಳಬೇಕಾಗಿಯೇ ಇಲ್ಲ. ನಮ್ಮಲ್ಲಿ ವಯಸ್ಕರಿಗೆ ಅಂಥ ಸಾಮಾನ್ಯ ಕಾನೂನಿಲ್ಲ. 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು, ಪ್ರಕರಣವೊಂದರಲ್ಲಿ ಹೆಣ್ಣುಮಗಳೊಬ್ಬಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಸಿಗದಂತೆ ನೋಡಿಕೊಳ್ಳಲು ತನ್ನ ಕಚೇರಿಗೆ ಸೂಚಿಸಿತು. ಮರೆಯಿಸಿಕೊಳ್ಳುವ ಹಕ್ಕಿನ ಬಗ್ಗೆ ದೇಶದಲ್ಲಿ ಮಾತು ಶುರುವಾದ ದಿನಗಳ ಮುಖ್ಯ ಆದೇಶಗಳಲ್ಲಿ ಅದೊಂದು. ಆದರೆ ಅದು ಆ ಒಬ್ಬರಿಗೆ ಸಿಕ್ಕ ಪರಿಹಾರ. ದಂಡ ಕಟ್ಟಿದ ಸಣ್ಣ ಪ್ರಕರಣಗಳಿಗೆ, ಮುಂದೆ ತಪ್ಪಿಲ್ಲದೆ ಬದುಕಿದವರಿಗೆ, ಇಷ್ಟು ವರ್ಷ ಕಳೆದರೆ ಹೇಳಬೇಕಾಗಿಲ್ಲ ಎಂಬ ಕಾನೂನು ನಮ್ಮಲ್ಲೂ ಬರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಕಾನೂನು ಬರುವ ತನಕ ಕೇಳಿದ್ದಕ್ಕೆ ನಿಜ ಬರೆಯುವುದೇ ದಾರಿ.

ಇದನ್ನು ಕೇಳುತ್ತಿರುವವರಲ್ಲಿ ಅರ್ಜಿಯನ್ನು ಅರ್ಧ ತುಂಬಿ ಎತ್ತಿಟ್ಟವರಿದ್ದರೆ ಅವರಲ್ಲಿ ನನ್ನ ವಿನಂತಿ: ಅದನ್ನು ಹೊರಗೆ ತೆಗೆಯಿರಿ. ನಿಮ್ಮ ಕೇಸು ಹೇಗೆ ಮುಗಿಯಿತೆಂದು ಗೊತ್ತಿಲ್ಲದಿದ್ದರೆ ಮೊದಲು ತಿಳಿದುಕೊಳ್ಳಿ. ಅದಕ್ಕಾಗಿ ದುಡ್ಡು ಖರ್ಚು ಮಾಡಬೇಕಿಲ್ಲ. ಗುಬ್ಬಿಯಲ್ಲಿ, ಕುಣಿಗಲ್‌ನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ, ತುಮಕೂರಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಅಲ್ಲಿ ಸಲಹೆ ಕೇಳಬಹುದು. ಹೋಗಲಾಗದವರು 15100ಕ್ಕೆ ಕರೆ ಮಾಡಬಹುದು, ಅದು ಶುಲ್ಕವಿಲ್ಲದ ಸಹಾಯವಾಣಿ.